ಪ್ರಿಫ್ಲಾಪ್ ಆಲ್-ಇನ್‌ಗೆ ಕಾಲ್: ಪಟ್ಟಿ ನೋಡಬೇಕೋ, ಲೆಕ್ಕ ಹಾಕಬೇಕೋ?

ಪೋಕರ್ ಆಟ, ಕೈಯಲ್ಲಿ ರಾಣಿ ಜೋಡಿ. ಎದುರಿನವರು ಫ್ಲಾಪ್ (ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆ) ಬೀಳುವ ಮೊದಲೇ, ಅಂದರೆ ಪ್ರಿಫ್ಲಾಪ್, ಆಲ್-ಇನ್ ಅಂದರು, ಮುಂದಿದ್ದ ದುಡ್ಡನ್ನೆಲ್ಲ ಪಣಕ್ಕಿಟ್ಟರು. 1-2 ಡಾಲರ್ ಮೇಜಿನಲ್ಲಿ ಇದಕ್ಕೆ ಎರಡು ದಾರಿ ಬಳಸಿ ನೋಡಿದ್ದೇನೆ: ಬಾಯಿಪಾಠ ಮಾಡಿದ ಪಟ್ಟಿ, ಇಲ್ಲವೇ ಪಾಟ್ (ಮಧ್ಯೆ ಸೇರಿದ ಪಣದ ದುಡ್ಡು) ಲೆಕ್ಕ. ನನ್ನ ಮತ ಲೆಕ್ಕಕ್ಕೆ.

ಪಟ್ಟಿ ಹೇಳುವುದು ಇಷ್ಟೇ: ರಾಣಿ ಜೋಡಿ ಅಥವಾ ಅದಕ್ಕಿಂತ ಮೇಲಿನದು, ಇಲ್ಲವೇ ಎಕ್ಕ-ರಾಜ ಇದ್ದರೆ ಕಾಲ್ (ಅಷ್ಟೇ ದುಡ್ಡು ಹಾಕಿ ಆಡುವುದು), ಉಳಿದದ್ದೆಲ್ಲ ಫೋಲ್ಡ್ (ಎಲೆ ಬಿಡುವುದು). ನೆನಪಿಡಲು ಸುಲಭ. ಆದರೆ ಪಾಟ್‌ನಲ್ಲಿ ನಿಮ್ಮ ದುಡ್ಡು ಆಗಲೇ ಎಷ್ಟಿದೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಇಬ್ಬರ ಮುಂದೆಯೂ 200 ಡಾಲರ್ ಇತ್ತೆನ್ನಿ, ಬೇರೆ ಇಬ್ಬರ ಕಡ್ಡಾಯ ಪಣ (ಬ್ಲೈಂಡ್) 1 ಮತ್ತು 2 ಸೇರಿ 3. ನೀವು 10ಕ್ಕೆ ಏರಿಸಿದಿರಿ, ಅವರು ನೇರ 200 ತಳ್ಳಿದರು. ಇನ್ನೂ 190 ಹಾಕಬೇಕು, ಆಗ ಒಟ್ಟು ಪಾಟ್ 403. 190 ಭಾಗಿಸು 403, ಅಂದರೆ ಶೇ. 47 ಗೆಲುವು ಬೇಕು. ಅದೇ ನೀವು ಆಗಲೇ 75 ಹಾಕಿದ್ದರೆ ಬೇಕಾದದ್ದು 125 ಮಾತ್ರ, ಶೇ. 31 ಸಾಕು. ಎದುರಿನವರ ಕೈಯಲ್ಲಿ ರಾಣಿ, ರಾಜ, ಎಕ್ಕದ ಜೋಡಿಗಳು ಮತ್ತು ಎಕ್ಕ-ರಾಜ ಎಲ್ಲವೂ ಇರಬಹುದಾದರೆ ನಿಮ್ಮ ರಾಣಿ ಜೋಡಿ ಗೆಲ್ಲುವುದು ಸುಮಾರು ಶೇ. 40. ಮೊದಲನೆಯದು ಫೋಲ್ಡ್, ಎರಡನೆಯದು ಕಾಲ್. ಪಟ್ಟಿ ಎರಡಕ್ಕೂ ಕಾಲ್ ಅನ್ನುತ್ತದೆ.

ಲೆಕ್ಕದ ದಾರಿಯಲ್ಲಿ ಕಾಡುವುದು ಒಂದೇ ತೊಡಕು, ಎಕ್ಕ-ರಾಜ. ನಿಮ್ಮಲ್ಲಿ ಎರಡು ರಾಣಿ ಇರುವಾಗ ಎಕ್ಕದ ಜೋಡಿ 6 ಬಗೆಯಲ್ಲಿ ಬರಬಹುದು, ರಾಜನದು 6, ರಾಣಿಯದು 1. ಎಕ್ಕ-ರಾಜ ಮಾತ್ರ 16: ಒಂದೇ ಜಾತಿಯವು 4, ಬೇರೆ ಜಾತಿಯವು 12. ಈ 16ನ್ನೂ ಅವರು ತಳ್ಳುತ್ತಾರೆಂದರೆ ಮಾತ್ರ ಆ ಶೇ. 40. ಎಕ್ಕ, ರಾಜದ ಜೋಡಿ ಬಿಟ್ಟು ಬೇರೇನನ್ನೂ ತಳ್ಳದವರಾದರೆ ಶೇ. 18ಕ್ಕೆ ಕುಸಿಯುತ್ತದೆ. ಮೂರು ಜೋಡಿಗಳ ಜೊತೆ ಎಕ್ಕ-ರಾಜದಲ್ಲಿ ಒಂದೇ ಜಾತಿಯ ನಾಲ್ಕನ್ನಷ್ಟೇ ತಳ್ಳುವವರ ಎದುರು ಸುಮಾರು ಶೇ. 29, ಆಗ 75 ಹಾಕಿದ್ದರೂ ಬಿಡಬೇಕು. 16ರಲ್ಲಿ 6 ಬಂದರೆ ಕಾಲ್ ಮಾಡಲು ದಾರಿ ತೆರೆಯುತ್ತದೆ.

ಕೆಳಹಂತದ ಮೇಜಿನಲ್ಲಿ ಎಕ್ಕ-ರಾಜ ಹಿಡಿದು ಬರೀ ಕಾಲ್ ಮಾಡಿ ಕೂರುವವರು ಬಹಳ. ಆದ್ದರಿಂದ ಎಲೆ ತೋರಿಸುವಾಗ ಪ್ರತಿಯೊಬ್ಬರದನ್ನೂ ನೋಡಿಟ್ಟುಕೊಳ್ಳಿ. ಎಕ್ಕ-ರಾಜದಲ್ಲಿ ಬೇರೆಯವರ ಏರಿಕೆಯ ಮೇಲೆ ಮತ್ತೆ ಏರಿಸದವರು ಆಲ್-ಇನ್ ಅಂದರೆ ರಾಣಿಯನ್ನು ಕೆಳಗಿಡಿ.

ಮುಖ ನೋಡಿ ಊಹಿಸುವುದಕ್ಕೆ ನಾನು ಬೆಲೆ ಕೊಡುವುದಿಲ್ಲ.

60 ಡಾಲರ್ ಮಾತ್ರ ಇದ್ದವರು ನಿಮ್ಮ 10ರ ಮೇಲೆ ತಳ್ಳಿದರೆ ಶೇ. 41 ಸಾಕು. ಅವರು ಎಂಟರ ಜೋಡಿಯಿಂದ ಮೇಲಕ್ಕೆ, ಎಕ್ಕ-ರಾಣಿ, ಎಕ್ಕ-ರಾಜ ಎಲ್ಲ ತಳ್ಳುವವರಾದರೆ ಹತ್ತರ ಜೋಡಿಗೂ ಶೇ. 47 ಇದೆ. ಪಟ್ಟಿ ಇಲ್ಲಿ ಫೋಲ್ಡ್ ಮಾಡಿಸಿ ನಷ್ಟ ತರುತ್ತದೆ.

ಆಟ ನಡೆಸುವವರು ಆ 403ರ ಪಾಟ್‌ನಿಂದ 5 ಡಾಲರ್ ತೆಗೆದರೆ ಬೇಕಾದ ಗೆಲುವು ಸುಮಾರು ಅರ್ಧ ಶೇಕಡಾ ಏರುತ್ತದೆ. ಎರಡೇ ಬೈ-ಇನ್ (ಮೇಜಿಗೆ ಕೂರಲು ತರುವ ಮೊತ್ತ) ಹಿಡಿದು ಹೋಗುವವರು ಬೇಕಾದ ಗೆಲುವಿಗೂ ಇರುವ ಗೆಲುವಿಗೂ ಶೇ. 3ಕ್ಕಿಂತ ಕಡಿಮೆ ಅಂತರವಿದ್ದಾಗ ಫೋಲ್ಡ್ ಮಾಡಲಿ. ನಾಲ್ಕೈದು ಇರುವವರು ಅಷ್ಟು ಹಿಡಿತ ಮಾಡಬೇಕಿಲ್ಲ.