ಲೆವೆಟಿರಾಸಿಟಂ ಗುಳಿಗೆ: ಆರು ವರ್ಷ ನುಂಗಿದ ಮೇಲೆ

ನಾನು ಕಾರಟಗಿಯವಳು. ದಿನಾ ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು, ಫಿಟ್ಸ್ ಬಾರದಂತೆ ತಡೆಯುವ 500 ಮಿಲಿಗ್ರಾಂನ ಲೆವೆಟಿರಾಸಿಟಂ ಗುಳಿಗೆ. ಶುರು ಮಾಡಿ ಆರು ವರ್ಷವಾಯಿತು. ಕೊನೆಯ ಸಲ ಫಿಟ್ಸ್ ಬಂದು ಮೂರು ವರ್ಷ ಎಂಟು ತಿಂಗಳು.

ಮೊದಲು ಕೊಟ್ಟಿದ್ದು ಫೆನಿಟಾಯಿನ್. 1938ರಿಂದ ಫಿಟ್ಸಿಗೆ ಬಳಸುತ್ತಿರುವ ಹಳೇ ಔಷಧಿ. ಅಗ್ಗ, ಕೆಲಸವನ್ನೂ ಚೆನ್ನಾಗಿಯೇ ಮಾಡಿತ್ತು. ಆದರೆ ಎರಡು ವರ್ಷಕ್ಕೆ ವಸಡು ಊದಿ ಹಲ್ಲಿನ ಮೇಲೆ ಇಳಿಯಿತು. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಡಾಕ್ಟರು ಅದನ್ನು ಇಳಿಸುತ್ತಾ, ಇದನ್ನು ಏರಿಸುತ್ತಾ ನಿಧಾನವಾಗಿ ಬದಲಿಸಿದರು.

ಎರಡೂ ಮಾಡುವುದು ಒಂದೇ ಕೆಲಸ ಅಂದುಕೊಂಡಿದ್ದೆ. ಅಲ್ಲ. ಮಿದುಳಿನ ಕೋಶಗಳು ಸಣ್ಣ ಕರೆಂಟಿನಲ್ಲಿ ಮಾತಾಡುತ್ತವೆ. ರಾಶಿ ರಾಶಿ ಕೋಶಗಳು ಒಟ್ಟಿಗೇ, ಹತೋಟಿಯಿಲ್ಲದೆ ಕರೆಂಟು ಹರಿಸಿದರೆ ಅದೇ ಫಿಟ್ಸು. ಕೋಶದ ಗೋಡೆಯಲ್ಲಿ ಸೋಡಿಯಂ ಒಳಗೆ ನುಗ್ಗುವ ಬಾಗಿಲುಗಳಿವೆ, ನಮ್ಮ ಎಡದಂಡೆ ಕಾಲುವೆಯ ತೂಬಿನ ಹಾಗೆ. ಒಮ್ಮೆ ತೆರೆದು ಮುಚ್ಚಿದ ತೂಬು ಮತ್ತೆ ಬೇಗ ತೆರೆಯದಂತೆ ಫೆನಿಟಾಯಿನ್ ಹಿಡಿದಿಡುತ್ತದೆ. ಬಿಡುವಿಲ್ಲದೆ ಮಿಡಿಯುವ ಕೋಶಕ್ಕೇ ಅದರ ಬಿಗಿ ಜಾಸ್ತಿ. ಲೆವೆಟಿರಾಸಿಟಂನ ದಾರಿ ಬೇರೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕ ತುಂಬಿದ ಪುಟ್ಟ ಚೀಲಗಳಿಂದ. ಆ ಚೀಲಗಳ ಮೇಲಿರುವ ಎಸ್‌ವಿ2ಎ ಅನ್ನೋ ಪ್ರೋಟೀನಿಗೆ ಇದು ಅಂಟಿಕೊಂಡು, ಸುದ್ದಿ ಉಕ್ಕಿ ಹರಿಯದಂತೆ ತಡೆಯುತ್ತದೆ.

ಯಾವುದೂ ರೋಗದ ಬೇರು ಕೀಳುವುದಿಲ್ಲ. ಮೈಯಲ್ಲಿ ಇರುವಷ್ಟು ಹೊತ್ತು ಕಾಯುತ್ತದೆ. ದೊಡ್ಡವರಲ್ಲಿ ಆರೆಂಟು ಗಂಟೆಗೆ ಲೆವೆಟಿರಾಸಿಟಂ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ದಿನಕ್ಕೆ ಎರಡು ಸಲ.

ಇದು ನನ್ನ ತಲೆಗೆ ಹೋಗಿದ್ದು ಪೆಟ್ಟು ತಿಂದ ಮೇಲೆ. ಎರಡು ವರ್ಷ ಏನೂ ಆಗಿರಲಿಲ್ಲ. ಗುಣವಾಯಿತು ಅಂತ ಯಾರನ್ನೂ ಕೇಳದೆ ಗುಳಿಗೆ ಬಿಟ್ಟೆ. ಒಂಬತ್ತನೇ ದಿನ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಲು ಒದ್ದೆ ಬಟ್ಟೆ ಎತ್ತಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಬಲ ಮುಂಗೈ ಸುಟ್ಟಿತ್ತು. ಎಡಗೈಯಲ್ಲಿ ಬೀಗದ ಕೈ. ನಮ್ಮತ್ತೆ ಗಾಬರಿಯಲ್ಲಿ ಹಿಡಿಸಿದ್ದು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುವುದಿಲ್ಲ. ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು, ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಬೇಕು. ಇದನ್ನು ಡಾಕ್ಟರು ಅತ್ತೆಯನ್ನು ಎದುರು ಕೂರಿಸಿಕೊಂಡು ಹೇಳಿದರು.

ಈ ಗುಳಿಗೆಯ ದೊಡ್ಡ ತೊಂದರೆ ಸಿಟ್ಟು. ಮೊದಲ ಮೂರು ತಿಂಗಳು ನಾನು ನಾನಾಗಿರಲಿಲ್ಲ. ಮಗ ಒಂದು ಲೋಟ ಹಾಲು ಚೆಲ್ಲಿದ್ದಕ್ಕೆ ಕಿರುಚಿಬಿಟ್ಟೆ. ಅವನು ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ಔಷಧಿಯಿಂದಲೂ ಹೀಗಾಗಬಹುದು ಅಂತ ಯಾರೂ ಮೊದಲೇ ಹೇಳಿರಲಿಲ್ಲ, ಹೇಳಬೇಕಿತ್ತು. ಡೋಸ್ ಇಳಿಸಿ, ಮತ್ತೆ ಸ್ವಲ್ಪ ಸ್ವಲ್ಪವೇ ಏರಿಸಿದ ಮೇಲೆ ಸರಿಹೋಯಿತು. ನಿಮಗೂ ಸಿಟ್ಟೋ, ಮನಸ್ಸಿಗೆ ಮಂಕೋ ಕವಿದರೆ ಸಹಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ಹೇಳಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ನೀವು ವಾಲ್‌ಪ್ರೊಯೇಟ್ ಅನ್ನೋ ಫಿಟ್ಸಿನ ಇನ್ನೊಂದು ಔಷಧಿ ತಗೊಳ್ಳುತ್ತಿದ್ದರೆ ಬಸಿರಿನ ಯೋಚನೆಗೂ ಮೊದಲೇ ಡಾಕ್ಟರನ್ನು ಕಾಣಿ. ಹೊಟ್ಟೆಯಲ್ಲಿನ ಮಗುವಿಗೆ ಅದು ಅಪಾಯ. ಹಾಗಂತ ನೀವೇ ಸುಮ್ನೆ ನಿಲ್ಲಿಸಿಬಿಡಬೇಡಿ.

ನಿದ್ದೆಗೆಟ್ಟರೆ ಗುಳಿಗೆಗೂ ಕಷ್ಟ. ಹಾಗಾಗಿ ಜಾತ್ರೆಗೆ ಹೋದರೂ ರಾತ್ರಿ ಉಳಿಯುವುದಿಲ್ಲ. ಈ ಸಲ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹದ ಸಾಲಿನಲ್ಲಿ ನಿಂತಿದ್ದೆವು. ಗದ್ದಲದಲ್ಲಿ ನನ್ನ ಫೋನಿನ ಅಲಾರಾಂ ಕೇಳಿಸಲೇ ಇಲ್ಲ. ಅತ್ತೆ ಸೆರಗಿನ ಗಂಟು ಬಿಚ್ಚಿ ಗುಳಿಗೆ ತೆಗೆದು, ನೀರಿನ ಬಾಟಲಿ ಮುಂದೆ ಹಿಡಿದರು. "ಏಳಾತು, ತಗೋವಾ" ಅಂದರು.