ಯೋಗ ಮ್ಯಾಟ್ ಮಷಿನ್‌ಗೆ ಹಾಕೋರು, ಮಾಳಿಗೆ ಮೇಲೆ ಒಣಗಿಸೋರು ಇದನ್ನು ಓದಿ

ಬಳ್ಳಾರಿಯ ಒಂದು ಬೆಳಗಿನ ಯೋಗ ತರಗತಿಯಲ್ಲಿ ಒಂದೇ ಬೇಸಿಗೆಗೆ ಆರು ಮ್ಯಾಟ್ ಹಾಳಾದವು. ಅದಿರಿನ ಕೆಂಪು ಧೂಳು ಕೂರುತ್ತದೆ ಅಂತ ಪ್ರತಿ ಭಾನುವಾರ ಬೋರ್ ನೀರಲ್ಲಿ ಸೋಪಿನ ಪುಡಿ ಹಾಕಿ ಮಷಿನ್‌ನಲ್ಲಿ ತಿರುಗಿಸಿ, ಮಾಳಿಗೆ ಮೇಲೆ ಹರವಿ ಸಂಜೆವರೆಗೂ ಬಿಡುತ್ತಿದ್ದರು. ಕೊಳೆ ಹೋಯಿತು, ಜೊತೆಗೆ ಮ್ಯಾಟೂ ಹೋಯಿತು.

ಫೋಮಿನ ಮ್ಯಾಟ್‌ಗಳು ಅಂಚು ಮುದುಡಿ ಹಪ್ಪಳದಂತಾದವು. ರಬ್ಬರಿನದು ಮೊದಲ ವಾರ ಏನೂ ಆದಂತೆ ಕಾಣಲಿಲ್ಲ. ಆಮೇಲೆ ಬಗ್ಗಿಸಿದ ಕಡೆ ಕೂದಲೆಳೆಯಂಥ ಬಿರುಕು, ಕೈಯಿಂದ ಉಜ್ಜಿದರೆ ಕಪ್ಪು ಹುಡಿ. ಬಿಸಿಲಿನ ನೇರಳಾತೀತ ಕಿರಣ, ಗಾಳಿಯಲ್ಲಿನ ಓಝೋನ್ ಎರಡೂ ನೈಸರ್ಗಿಕ ರಬ್ಬರನ್ನು ತಿನ್ನುತ್ತವೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ, ಇನ್ನು ಕಾಂಕ್ರೀಟಿನ ಮೇಲೆ ಎಷ್ಟಿರುತ್ತದೋ ನೀವೇ ಊಹಿಸಿ.

ಆದರೆ ಅಪಾಯದ್ದು ಜಾರುವಿಕೆ. ಮೇಲ್ಮೈಯ ಸಣ್ಣ ರಂಧ್ರಗಳು ತೆರೆದೇ ಇರುವ ಬಗೆಯ ಮ್ಯಾಟ್ ಸೋಪನ್ನು ಒಳಗೆ ಹೀರಿಕೊಳ್ಳುತ್ತದೆ, ಒಂದೆರಡು ಸಲ ಜಾಲಿಸಿದರೆ ಬಿಡುವುದಿಲ್ಲ. ಅಧೋಮುಖ ಶ್ವಾನಾಸನದಲ್ಲಿ (ಅಂಗೈ, ಪಾದ ಊರಿ ಸೊಂಟ ಮೇಲೆತ್ತುವ ಭಂಗಿ) ಅಂಗೈ ಬೆವರಿದ ಕೂಡಲೇ ಆ ಸೋಪು ಮೇಲೆದ್ದು ಕೈ ಜಾರುತ್ತದೆ. ಬಾರ್ ಸೋಪಾದರೆ ಇನ್ನೂ ಕಷ್ಟ: ಗಡಸು ಬೋರ್ ನೀರಿನ ಜೊತೆ ಸೇರಿ ಒಡೆದ ಹಾಲಿನಂತೆ ಗಟ್ಟಿಯಾಗಿ ಅಂಟುತ್ತದೆ.

ನಿಮ್ಮದು ಯಾವ ಬಗೆ ಅಂತ ತಿಳಿಯಲು ಒಂದು ಹನಿ ನೀರು ಬಿಟ್ಟು ಐದು ನಿಮಿಷ ನೋಡಿ. ಹನಿ ಹಾಗೇ ನಿಂತರೆ ರಂಧ್ರ ಮುಚ್ಚಿದ್ದು, ಒರೆಸಿದರೆ ಸಾಕು. ಇಂಗಿ ಹೋದರೆ ಹೀರುವ ಜಾತಿ, ಅದನ್ನು ನೆನೆಸಲೇಬೇಡಿ. ಒಳಗೆ ನೀರುಳಿದರೆ ಮುಗ್ಗಲು ವಾಸನೆ ಬರುತ್ತದೆ.

ಒರೆಸುವುದು ಹೀಗೆ. ಮೊದಲು ಒಣ ಬಟ್ಟೆಯಲ್ಲಿ ಧೂಳು ತೆಗೆಯಿರಿ, ಇಲ್ಲದಿದ್ದರೆ ಅದಿರಿನ ಪುಡಿ ಒದ್ದೆಯಾಗಿ ಕೆಸರಾಗಿ ರಂಧ್ರಕ್ಕೆ ಇಳಿಯುತ್ತದೆ. ಒಂದು ಲೀಟರ್ ಉಗುರುಬೆಚ್ಚಗಿನ ಫಿಲ್ಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ, ಅಷ್ಟೇ. ಹತ್ತಿ ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಎರಡೂ ಬದಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ, ನೊರೆ ಬರುವುದು ನಿಲ್ಲುವವರೆಗೆ. ಒಣ ಟವೆಲ್ಲಿನಲ್ಲಿ ಒತ್ತಿ, ಫ್ಯಾನ್ ಕೆಳಗೆ ನೆರಳಲ್ಲಿ ಎರಡೂ ಬದಿ ತಿರುಗಿಸಿ ಒಣಗಿಸಿ. ದಿನಾ ಬಳಸೋರು ತಿಂಗಳಿಗೆ ಒಂದೆರಡು ಸಲ ಹೀಗೆ ಮಾಡಿದರೆ ಆಯಿತು. ಮಿಕ್ಕ ದಿನ ಬೆವರು ಒರೆಸಿ, ಪೂರ್ತಿ ಆರಿದ ಮೇಲೆ ಸುತ್ತಿಡಿ. ಆಸನ ಮಾಡುವ ಬದಿ ಹೊರಗೆ ಬರುವಂತೆ ಸುತ್ತಿದರೆ ಹಾಸಿದಾಗ ಅಂಚು ಎದ್ದು ನಿಲ್ಲುವುದಿಲ್ಲ.

ಫಿನಾಯಿಲ್ ಬೇಡ. ಪರಿಮಳಕ್ಕೆ ಅಂತ ನೀಲಗಿರಿ ಎಣ್ಣೆ ಹಾಕೋರಿದ್ದಾರೆ, ಎಣ್ಣೆ ಬಿದ್ದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೆಣಬಿನ ಮ್ಯಾಟಿಗೆ ಬ್ರಷ್ಷಿನಿಂದ ಧೂಳು ಕೊಡವಿದರೆ ಅರ್ಧ ಕೆಲಸ ಆದಂತೆ.

ಈಗಾಗಲೇ ಸೋಪು ಕುಡಿದ ಮ್ಯಾಟನ್ನು ಉಳಿಸಬಹುದು: ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ಆರಿಸಿ, ಮತ್ತೆ ಒರೆಸಿ. ಮೂರ್ನಾಲ್ಕು ಸುತ್ತು ಬೇಕಾದೀತು. ಬಿರುಕು ಬಿಟ್ಟ ರಬ್ಬರ್ ಮಾತ್ರ ಸರಿಹೋಗುವುದಿಲ್ಲ. ಕತ್ತರಿಸಿ ಮಿಕ್ಸರ್ ಕೆಳಗೆ ಹಾಸಿ, ಅಲುಗದೆ ಕೂರುತ್ತದೆ.