ಟ್ರೇಲರ್ ಎಳೆಯಲು ಮುಕ್ಕಾಲು ಟನ್ ಡೀಸೆಲ್ ಟ್ರಕ್: ಎರಡು ಬೇಸಿಗೆಗಳ ನಂತರ

ಡೆನ್ವರ್‌ನಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿಯಲ್ಲಿ ಹೋದವರಿಗೆಲ್ಲ ಐಸೆನ್‌ಹೋವರ್ ಸುರಂಗ ಗೊತ್ತು. ಎತ್ತರ 11,158 ಅಡಿ. ಸುರಂಗ ದಾಟಿದ ಕೂಡಲೇ ಸಿಲ್ವರ್‌ಥಾರ್ನ್ ಊರಿನ ತನಕ ರಸ್ತೆ ಒಂದೇ ಸಮನೆ ಇಳಿಯುತ್ತದೆ. ಕೆಲವು ಕಡೆ ಶೇಕಡ 7ರ ಇಳಿಜಾರು. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲಿ ಎಂದು ಬದಿಯಲ್ಲಿ ಜಲ್ಲಿ ಸುರಿದ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ನನ್ನ ಈ ಮುಕ್ಕಾಲು ಟನ್ (ಹಾಫ್ ಟನ್ನಿಗಿಂತ ಒಂದು ಮೆಟ್ಟಿಲು ಮೇಲಿನ ವರ್ಗದ) ಪಿಕಪ್ ಟ್ರಕ್ ಬಗ್ಗೆ ನನಗೆ ಹೇಳಬೇಕಾಗಿರುವುದರಲ್ಲಿ ಮುಕ್ಕಾಲು ಪಾಲು ಆ ಎಂಟೊಂಬತ್ತು ಮೈಲಿಗೆ ಸೇರಿದ್ದು.

ಹಿಂದೆ 7,300 ಪೌಂಡಿನ ಕ್ಯಾಂಪಿಂಗ್ ಟ್ರೇಲರ್, ಟ್ರಕ್ಕಿನೊಳಗೆ ನನ್ನ ಜೊತೆ ಅಪ್ಪ, ಅಮ್ಮ, ಹೆಂಡತಿ, ಮಗಳು. ಸುರಂಗದಿಂದ ಹೊರಬರುವಾಗಲೇ ವೇಗವನ್ನು ಗಂಟೆಗೆ 45 ಮೈಲಿಗೆ ಇಳಿಸಿ, ಎಕ್ಸಾಸ್ಟ್ ಬ್ರೇಕ್ ಗುಂಡಿ ಒತ್ತಿದೆ. ಟ್ರಕ್ ತಾನೇ ಗೇರ್ ಇಳಿಸಿಕೊಂಡಿತು, ಒಂದು ಗಂಭೀರ ಗುಡುಗುಟ್ಟು ಶುರುವಾಯಿತು, ಅಷ್ಟೆ. ಪೆಡಲ್ ಮುಟ್ಟದೆ ಗಾಡಿ 45ರಲ್ಲೇ ಇಳಿಯಿತು. ಸಕಲೇಶಪುರದ ನಮ್ಮಪ್ಪ ಶಿರಾಡಿ ಘಾಟಿಯಲ್ಲಿ ಜೀಪು ಓಡಿಸಿ ಬೆಳೆದವರು. ಪಕ್ಕದ ಸೀಟಿನಿಂದ ನನ್ನ ಕಾಲನ್ನೇ ನೋಡುತ್ತಿದ್ದರು.

"ಏನೋ, ಬ್ರೇಕೇ ಒತ್ತುತ್ತಿಲ್ವಲ್ಲೋ?"

"ಇಂಜಿನ್ನೇ ಹಿಡ್ಕೊಂಡಿದೆ ಅಪ್ಪ."

ಏರಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಘಾಟಿಯ ಲಾರಿ ಡ್ರೈವರುಗಳ ಹಳೆಯ ನಿಯಮ. ಎಕ್ಸಾಸ್ಟ್ ಬ್ರೇಕಿನಲ್ಲಿ ನಡೆಯುವುದೂ ಅದೇ, ಜೊತೆಗೆ ಇನ್ನೊಂದು ಕೆಲಸ ಸೇರಿದೆ. ಟರ್ಬೊ ಒಳಗಿನ ಸಣ್ಣ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯ ದಾರಿ ಕಿರಿದಾಗುತ್ತದೆ. ಒತ್ತಡ ಹಿಂದಕ್ಕೆ ಕಟ್ಟಿಕೊಳ್ಳುತ್ತದೆ, ಪಿಸ್ಟನ್‌ಗಳು ಅದರ ವಿರುದ್ಧ ದುಡಿದು ಗಾಡಿಯ ಓಟವನ್ನು ನುಂಗುತ್ತವೆ. ಬ್ರೇಕ್ ಡಿಸ್ಕುಗಳು ತಣ್ಣಗೇ ಉಳಿಯುತ್ತವೆ. ನಿಜವಾಗಿ ಬೇಕಾದ ಗಳಿಗೆಗೆ ಅವು ಪೂರ್ತಿ ಬಲದಲ್ಲಿರುತ್ತವೆ. ನನ್ನ ಹಳೆಯ ಹಾಫ್ ಟನ್ ಪೆಟ್ರೋಲ್ ಟ್ರಕ್ಕಿನಲ್ಲಿ ಇದೇ ಇಳಿಜಾರು ಇಳಿಯುವಾಗ ಇಂಜಿನ್ ಕಿರುಚುತ್ತಿತ್ತು, ನಡುನಡುವೆ ಪೆಡಲ್ ಗಟ್ಟಿಯಾಗಿ ಒತ್ತಿ ಬಿಡುತ್ತಿರಬೇಕಿತ್ತು. ಸಿಲ್ವರ್‌ಥಾರ್ನ್‌ನ ಪೆಟ್ರೋಲ್ ಬಂಕಿನಲ್ಲಿ ಇಳಿದರೆ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಕಂಪನಿಯ ಹೆಸರು ಬರೆಯುತ್ತಿಲ್ಲ. ಫೋರ್ಡ್, ರ‍್ಯಾಮ್, ಜಿಎಂ ಮೂವರೂ ಈ ವರ್ಗದಲ್ಲಿ ಡೀಸೆಲ್ ಇಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ ಕೊಡುತ್ತಾರೆ, ನಾನು ಹೇಳುವುದು ಹೆಚ್ಚುಕಡಿಮೆ ಮೂವರ ಗಾಡಿಗೂ ಅನ್ವಯಿಸುತ್ತದೆ. ಅಶ್ವಶಕ್ತಿ, ಟಾರ್ಕ್ ಅಂಕಿಗಳನ್ನು ನೀವು ಈಗಾಗಲೇ ನೋಡಿರುತ್ತೀರಿ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಬರುವ ಎಳೆಯುವ ಸಾಮರ್ಥ್ಯದ ಅಂಕಿಯನ್ನು ಮರೆತುಬಿಡಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಪಟ್ಟಿಯ ಒಂದು ಸ್ಟಿಕ್ಕರ್ ಇರುತ್ತದೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡು ಮೀರಬಾರದು ಅಂತ. ಅದೇ ಪೇಲೋಡ್. ಸಂಸಾರ ಸಮೇತ ಹೋಗುವವರಿಗೆ ಮೊದಲು ಮುಗಿದುಹೋಗುವುದು ಅದು.

ನಮ್ಮ ಲೆಕ್ಕ ಹೀಗಿತ್ತು. ಅಪ್ಪ ಅಮ್ಮ ಬೇಸಿಗೆಗೆ ಬರತೊಡಗಿದ ಮೇಲೆ ಮೇಲೊಂದು ಕೆಳಗೊಂದು ಮಲಗುವ ಬಂಕ್ ಇರುವ ದೊಡ್ಡ ಟ್ರೇಲರ್ ಬೇಕಾಯಿತು. ಟ್ರೇಲರ್ ತೂಕದ ಶೇಕಡ 10ರಿಂದ 15ರಷ್ಟು ಹಿಚ್ ಮೇಲೆ, ಅಂದರೆ ಟ್ರಕ್ಕಿನ ಹಿಂದೆ ಟ್ರೇಲರ್ ಸಿಕ್ಕಿಸುವ ಜಾಗದ ಮೇಲೆ, ಕೂರಬೇಕು. ಆ ಭಾರವೂ ಪೇಲೋಡಿನ ಲೆಕ್ಕಕ್ಕೇ ಸೇರುತ್ತದೆ. ಕಡಿಮೆಯಾದರೆ ಟ್ರೇಲರ್ ಹೆದ್ದಾರಿಯಲ್ಲಿ ಅತ್ತಿತ್ತ ತೂಗಾಡತೊಡಗುತ್ತದೆ. ನಮ್ಮದು ಶೇಕಡ 13, ಅಂದರೆ ಸುಮಾರು 950 ಪೌಂಡು. ತೂಕ ಹಂಚುವ ಹಿಚ್ಚಿನ ಕಬ್ಬಿಣವೇ 100. ಐದು ಜನ ಸೇರಿ 700. ಅಲ್ಲಿಗೆ 1,750 ಆಯಿತು, ಹಳೆಯ ಟ್ರಕ್ಕಿನ ಸ್ಟಿಕ್ಕರ್ ಹೇಳುತ್ತಿದ್ದುದು 1,480. ಅಮ್ಮನ ಗ್ರೈಂಡರ್, ಕುಕ್ಕರ್, ಕಬ್ಬಿಣದ ದೋಸೆ ಕಾವಲಿ, ಸೋನಾ ಮಸೂರಿಯ 20 ಪೌಂಡಿನ ಚೀಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದೇ ಟ್ರಕ್ಕಿನ ಜಾಹೀರಾತಿನ ಪ್ರಕಾರ ಅದು 9,000 ಪೌಂಡಿಗಿಂತ ಹೆಚ್ಚು ಎಳೆಯಬಲ್ಲದು! ಎಳೆಯುತ್ತಿತ್ತು, ನಿಜ. ಹೊರಲಾಗುತ್ತಿರಲಿಲ್ಲ.

ಇಲ್ಲಿ ಅನೇಕರಿಗೆ ಆಶ್ಚರ್ಯವಾಗುವ ಸಂಗತಿ ಒಂದಿದೆ. ಮುಕ್ಕಾಲು ಟನ್ನಿನಲ್ಲೂ ಡೀಸೆಲ್ ತೆಗೆದುಕೊಂಡರೆ ಪೇಲೋಡ್ ಕಡಿಮೆಯಾಗುತ್ತದೆ. ಈ ವರ್ಗದ ಬಹಳಷ್ಟು ಟ್ರಕ್ಕುಗಳ ಒಟ್ಟು ತೂಕದ ಮಿತಿ 10,000 ಪೌಂಡು. ಡೀಸೆಲ್ ಇಂಜಿನ್ ನೂರಾರು ಪೌಂಡು ಭಾರ, ಅಷ್ಟೂ ಪೇಲೋಡಿನಿಂದಲೇ ಕಳೆಯುತ್ತದೆ. ನನ್ನ ಸ್ಟಿಕ್ಕರ್ 2,250 ಅನ್ನುತ್ತದೆ. ಇದೇ ಗಾಡಿ ಪೆಟ್ರೋಲಿನಲ್ಲಿ ಕೊಂಡಿದ್ದರೆ 3,000ದ ಆಚೀಚೆ ಸಿಗುತ್ತಿತ್ತು. ಹಾಗಿದ್ದೂ ಡೀಸೆಲ್ ಆರಿಸಿದ್ದು ಇಳಿಜಾರಿಗಾಗಿ, ಜೊತೆಗೆ ಎತ್ತರಕ್ಕಾಗಿ. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಬಲ ಕಳೆದುಕೊಳ್ಳುತ್ತದೆ. ನಾವು ಮನೆಯಿಂದ ಹೊರಡುವುದೇ 5,000 ಅಡಿಗಿಂತ ಮೇಲಿನಿಂದ. ಸುರಂಗದ ಹೊತ್ತಿಗೆ ಮೂರನೇ ಒಂದು ಪಾಲು ಬಲ ಇರುವುದಿಲ್ಲ.

ಹೊರಡುವ ಬೆಳಿಗ್ಗೆಯ ಕೆಲಸಗಳು ನನಗೆ ಪ್ರಯಾಣದಷ್ಟೇ ಇಷ್ಟ. ಹಿಂದಿನ ಕ್ಯಾಮೆರಾದಲ್ಲಿ ಹಿಚ್ಚಿನ ಗುಂಡು ಟ್ರೇಲರ್ ಮೂತಿಯ ಬಟ್ಟಲಿನ, ಅಂದರೆ ಕಪ್ಲರಿನ, ಕೆಳಗೆ ಸರಿಯಾಗಿ ಬರುವ ತನಕ ಇಂಚಿಂಚಾಗಿ ಹಿಂದೆ ಸರಿಯುವುದು. ಜ್ಯಾಕ್ ಇಳಿಸಿದಾಗ ಕಪ್ಲರ್ ಗುಂಡಿನ ಮೇಲೆ ಕೂತ ಸದ್ದು. ಕೊಂಡಿ ಹಾಕಿ, ಪಿನ್ ಚುಚ್ಚಿ, ಮತ್ತೆ ಜ್ಯಾಕನ್ನು ಸ್ವಲ್ಪ ಮೇಲೆತ್ತಿ ಟ್ರಕ್ಕಿನ ಹಿಂಭಾಗವೂ ಜೊತೆಗೆ ಏಳುತ್ತದೆಯೇ ಅಂತ ನೋಡುತ್ತೇನೆ. ಎದ್ದರೆ ಕೊಂಡಿ ಕಚ್ಚಿದೆ ಅಂತ ಅರ್ಥ. ಸರಪಳಿಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಹಾಕಬೇಕು, ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಬಡಿಯದೆ ಆ ಸರಪಳಿಗಳ ಮೇಲೆ ಕೂರುತ್ತದೆ. ಆಮೇಲೆ ಏಳು ಪಿನ್ನಿನ ಪ್ಲಗ್. ಮಗಳು ಹಿಂದೆ ನಿಂತು ಟ್ರೇಲರಿನ ದೀಪ ನೋಡಿ ಕೂಗುತ್ತಾಳೆ: "ಎಡ ಬಂತು, ಬಲ ಬಂತು, ಬ್ರೇಕ್ ಬಂತು." ಅಷ್ಟು ಹೊತ್ತಿಗೆ ಅಮ್ಮ ಟ್ರೇಲರ್ ಒಳಗಿನ ಬೀರುಗಳಿಗೆಲ್ಲ ಚಿಲಕ ಹಾಕಿ, ಚಿತ್ರಾನ್ನದ ಡಬ್ಬಿ ಮಾತ್ರ ಕೈಯಲ್ಲಿ ಹಿಡಿದು ಇಳಿದಿರುತ್ತಾರೆ. ಓಣಿಯ ಕೊನೆಯಲ್ಲಿ ನಡಿಗೆಯ ವೇಗದಲ್ಲಿ ಟ್ರೇಲರ್ ಬ್ರೇಕಿನ ಲಿವರ್ ಒಂದನ್ನೇ ಹಿಂಡುತ್ತೇನೆ, ಹಿಂದಿನಿಂದ ಮೆಲ್ಲನೆ ಹಿಡಿದೆಳೆದಂತಾಗುತ್ತದೆ. ಅದಾಗದೆ ನಾನು ಮುಖ್ಯರಸ್ತೆಗೆ ಬರುವುದಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ವಾರದ ಉಳಿದ ದಿನಗಳ ಮಾತೂ ಬರಬೇಕು. ಟ್ರೇಲರ್ ಇಲ್ಲದೆ ಈ ಟ್ರಕ್ ನನ್ನ ದಿನಬಳಕೆಗೆ ಸರಿಹೊಂದಲೇ ಇಲ್ಲ. ಹಿಂದಿನ ಚಕ್ರಗಳಿಗೆ ಭಾರಕ್ಕೆಂದು ತುಂಬಿದ 80 ಪಿಎಸ್‌ಐ ಗಾಳಿಯನ್ನು ಮನೆಗೆ ಬಂದ ಮೇಲೆ ಇಳಿಸದಿದ್ದರೆ ರಸ್ತೆಯ ಪ್ರತಿ ಗುಂಡಿಯೂ ಬೆನ್ನಿಗೆ ತಿಳಿಯುತ್ತದೆ. ಗ್ಯಾರೇಜಿಗೆ ಹಿಡಿಸುವುದಿಲ್ಲ. ಅಮ್ಮ ಹತ್ತಲು ಪಕ್ಕದ ಮೆಟ್ಟಿಲೂ ಸಾಲದೆ ಒಂದು ಸ್ಟೂಲು ಇಟ್ಟುಕೊಂಡಿದ್ದೇವೆ. ಇವಕ್ಕೆಲ್ಲ ಒಗ್ಗಿಕೊಂಡೆ. ಒಗ್ಗದೆ ಉಳಿದಿರುವುದು ಹೊಗೆ ಶುದ್ಧೀಕರಣದ ವ್ಯವಸ್ಥೆ.

ಡೀಸೆಲ್ ಹೊಗೆಯ ಮಸಿಯನ್ನು ಒಂದು ಫಿಲ್ಟರ್ ಹಿಡಿದಿಡುತ್ತದೆ, ಆಗಾಗ ಅದನ್ನು ಬಿಸಿ ಮಾಡಿ ಸುಟ್ಟು ಖಾಲಿ ಮಾಡಬೇಕು. ಹೆದ್ದಾರಿಯ ಓಟದಲ್ಲಿ ಅದು ತಾನಾಗಿ ಮುಗಿಯುತ್ತದೆ. ಮಗಳ ಶಾಲೆ, ಕಚೇರಿ, ಅಂಗಡಿ ಅಂತ ಮೂರು ಮೈಲಿಯ ಓಡಾಟದಲ್ಲಿ ಮುಗಿಯುವುದೇ ಇಲ್ಲ, ಅರ್ಧಕ್ಕೆ ನಿಲ್ಲುತ್ತದೆ. ಅದಲ್ಲದೆ ಡೆಫ್ ಅನ್ನುವ ದ್ರವ ಬೇರೆ ಹಾಕಬೇಕು, ಶೇಕಡ 32.5ರಷ್ಟು ಯೂರಿಯಾ, ಉಳಿದದ್ದು ನೀರು. ಮೈನಸ್ 11 ಡಿಗ್ರಿ ಸೆಲ್ಸಿಯಸ್‌ಗೆ ಅದು ಹೆಪ್ಪುಗಟ್ಟುತ್ತದೆ, ಅದಕ್ಕಾಗಿ ಟ್ಯಾಂಕಿನೊಳಗೆ ಹೀಟರ್ ಇದೆ. ಕೊಲೊರಾಡೊ ಚಳಿಗಾಲದಲ್ಲಿ ಆ ಹೀಟರೇ ಕೈಕೊಟ್ಟಿತು. ಡ್ಯಾಶ್‌ಬೋರ್ಡಿನ ಮೇಲೆ, ಇಷ್ಟು ಮೈಲಿಯೊಳಗೆ ಸರಿಮಾಡಿಸದಿದ್ದರೆ ವೇಗ ಮಿತಿಗೊಳಿಸಲಾಗುತ್ತದೆ ಅನ್ನುವ ಎಚ್ಚರಿಕೆ ಬಂದು ಅಂಕಿ ಇಳಿಯತೊಡಗಿತು. ಇಂಜಿನ್ ಗಟ್ಟಿಮುಟ್ಟಾಗಿದೆ, ಎಣ್ಣೆ ಇದೆ, ಯೂರಿಯಾ ಬಿಸಿಯಾಗಲಿಲ್ಲ ಅಂತ ಗಾಡಿ ತೆವಳಬೇಕು! ವಾರಂಟಿಯಲ್ಲಿ ದುಡ್ಡು ಹೋಗಲಿಲ್ಲ, ಆದರೆ ಬಿಡಿಭಾಗ ಬರುವ ತನಕ ಸರ್ವೀಸ್ ಸೆಂಟರಿನವರು ವಾರಗಟ್ಟಲೆ ಕಾಯಿಸಿದರು, ಕೇಳಿದಾಗಲೆಲ್ಲ ಒಂದೊಂದು ದಿನಾಂಕ ಹೇಳಿದರು. ವಾರಂಟಿ ಮುಗಿದ ಮೇಲೆ ಇದೇ ಕೆಟ್ಟರೆ ಅನ್ನುವ ಯೋಚನೆ ಆಗಿನಿಂದ ಮನಸ್ಸಿನಲ್ಲಿ ಕೂತಿದೆ.

ಹಣದ ಮಾತು. ಹೊಸದರಲ್ಲಿ ಡೀಸೆಲ್ ಇಂಜಿನ್ನಿಗೆ ಹತ್ತಿರಹತ್ತಿರ 10,000 ಡಾಲರ್ ಹೆಚ್ಚು ಕೇಳುತ್ತಾರೆ. ಅದಕ್ಕೇ ನಾನು ಮೂರು ವರ್ಷ ಹಳೆಯದನ್ನು ಕೊಂಡೆ. ಒಂದು ಸಲದ ಇಂಜಿನ್ ಆಯಿಲ್ ಮೂರು ಗ್ಯಾಲನ್‌ನಷ್ಟು, ಇಂಧನ ಫಿಲ್ಟರುಗಳು ಬೇರೆ. ಟ್ರೇಲರ್ ಎಳೆಯುವಾಗ ಗ್ಯಾಲನ್ನಿಗೆ 11-12 ಮೈಲಿ ಕೊಡುತ್ತದೆ, ಹಳೆಯದು 8-9 ಕೊಡುತ್ತಿತ್ತು. ಡೀಸೆಲ್ ದರ ಮತ್ತು ಡೆಫ್ ಸೇರಿಸಿದರೆ ನನ್ನ ಓಡಾಟಕ್ಕೆ ಉಳಿತಾಯ ಅಂತ ಹೇಳುವಂಥದ್ದೇನೂ ಇಲ್ಲ. ಉಳಿತಾಯಕ್ಕಾಗಿ ಯಾರೂ ಇದನ್ನು ಕೊಳ್ಳಬಾರದು.

ಡಲ್ಲಾಸ್, ಹ್ಯೂಸ್ಟನ್, ಷಿಕಾಗೊ ಕಡೆಯ ಗೆಳೆಯರು ಕೇಳಿದಾಗ ನಾನು ಮುಕ್ಕಾಲು ಟನ್ ಪೆಟ್ರೋಲ್ ತೆಗೆದುಕೊಳ್ಳಿ ಅನ್ನುತ್ತೇನೆ. ಬಯಲುಸೀಮೆಯಲ್ಲಿ ಎಕ್ಸಾಸ್ಟ್ ಬ್ರೇಕಿಗೆ ಕೆಲಸವಿಲ್ಲ, ಪೇಲೋಡ್ ಹೆಚ್ಚು ಸಿಗುತ್ತದೆ, ಡೆಫ್ ರಗಳೆ ಇಲ್ಲ. ವರ್ಷಕ್ಕೊಮ್ಮೆ ಮಾತ್ರ ಬೆಟ್ಟ ಹತ್ತುವವರಿಗೂ ಅದೇ ಸಾಕು. ನಮ್ಮ ಹಾಗೆ ವೇಲ್ ಪಾಸ್, ಮೊನಾರ್ಕ್ ಪಾಸ್‌ನಂಥ ಎತ್ತರದ ಘಾಟಿಗಳನ್ನು ದಾಟಿದ ಹೊರತು ಎಲ್ಲಿಗೂ ಹೋಗಲಾಗದವರಿಗೆ ಡೀಸೆಲ್. ಜೊತೆಗೆ ದಿನದ ಓಡಾಟಕ್ಕೆ ಒಂದು ಚಿಕ್ಕ ಕಾರು ಇಟ್ಟುಕೊಳ್ಳುವ ಶಕ್ತಿಯೂ ಇರಬೇಕು. ನಾವೀಗ ಹೆಂಡತಿಯ ಹಳೆಯ ಕೊರೊಲ್ಲಾವನ್ನೇ ಶಾಲೆಗೂ ಅಂಗಡಿಗೂ ಬಳಸುತ್ತೇವೆ, ವಾರಕ್ಕೊಮ್ಮೆ ಟ್ರಕ್ಕನ್ನು ಹೆದ್ದಾರಿಗೆ ಬಿಟ್ಟು ಫಿಲ್ಟರ್ ಸುಟ್ಟುಕೊಳ್ಳಲು ಅವಕಾಶ ಕೊಡುತ್ತೇನೆ. ಹೀಗೆ ಮಾಡತೊಡಗಿದ ಮೇಲೆ ಫಿಲ್ಟರಿನ ಎಚ್ಚರಿಕೆಯ ದೀಪ ಹತ್ತಿಲ್ಲ.

ಕೊಳ್ಳುವ ಮೊದಲು ಈಗಿರುವ ಗಾಡಿಯನ್ನೇ ಸಂಸಾರ ಸಮೇತ, ಟ್ರೇಲರ್ ಸಮೇತ, ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಅಂತ ಮೂರು ಅಂಕಿ ಬರೆದ ಚೀಟಿ ಕೊಡುತ್ತಾರೆ. ಆಮೇಲೆ ಟ್ರೇಲರ್ ಕಳಚಿಟ್ಟು ಟ್ರಕ್ಕನ್ನು ಮಾತ್ರ ಇನ್ನೊಮ್ಮೆ ತೂಗಿ. ಎರಡನೇ ತೂಕಕ್ಕೆ ಶುಲ್ಕ ಕಡಿಮೆ. ಎರಡು ಸಲದ ಟ್ರಕ್ ತೂಕದ ವ್ಯತ್ಯಾಸವೇ ಹೆಚ್ಚುಕಡಿಮೆ ಹಿಚ್ ಮೇಲಿನ ಭಾರ. ಮಾರುವವನ ಅಂಗಡಿಗೆ ಹೋಗುವಾಗ ಆ ಚೀಟಿ ಜೇಬಿನಲ್ಲಿರಲಿ, ಮೊದಲು ಬಾಗಿಲು ತೆರೆದು ಹಳದಿ ಸ್ಟಿಕ್ಕರ್ ನೋಡಿ, ಆಮೇಲೆ ಸೀಟಿನಲ್ಲಿ ಕೂರಿ.